21 ದಿನದ ಚೀಟಿ

ಕೇಳುಗರಿಗೆಲ್ಲ ನಮಸ್ಕಾರ.

ಈ ಹೊತ್ತಿನಲ್ಲಿ ನಿಮ್ಮ ಮನೆ ಹೇಗಿರುತ್ತದೆ ಎಂದು ಊಹಿಸುತ್ತಿದ್ದೇನೆ. ಕುಕ್ಕರ್ ಎರಡನೇ ಸೀಟಿ ಹೊಡೆದಿದೆ. ಒಳಗಿನ ಕೋಣೆಯಲ್ಲಿ ನಿಮ್ಮ ಅಮ್ಮನೋ, ಹೆಂಡತಿಯೋ, ಅತ್ತಿಗೆಯೋ ಮಲಗಿದ್ದಾರೆ. ಕ್ಯಾನ್ಸರಿಗೆ ಕೀಮೊ ಔಷಧಿ ಏರಿಸಿಕೊಂಡು ಬಂದು ನಾಲ್ಕು ದಿನ ಆಗಿದೆ. ಫೋನಿನಲ್ಲಿ ಯಾರ ಜೊತೆಗೋ ಮಾತಾಡಿ ಕಿಸಕ್ಕನೆ ನಗುತ್ತಿದ್ದಾರೆ. ನೀವು ಬಾಗಿಲಲ್ಲಿ ನಿಂತು, "ಸಾಕು ಮಾತು, ಸ್ವಲ್ಪ ರೆಸ್ಟ್ ತಗೋ" ಅಂತೀರಿ. ಅಂತೀರಾ ಇಲ್ವಾ? ಅಂತೀರಿ. ನನಗೆ ಗೊತ್ತು.

ದಯವಿಟ್ಟು ಅನ್ನಬೇಡಿ. ಅವರನ್ನು ಹರಟಲು ಬಿಡಿ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ಹಾಕುವ ಒಗ್ಗರಣೆ.

ನಾನು ಡಾಕ್ಟರ್ ಅಲ್ಲ, ನರ್ಸ್. ಬೆಂಗಳೂರಿನ ಒಂದು ಆಸ್ಪತ್ರೆಯ ಕೀಮೊ ಡೇ ಕೇರ್ ವಾರ್ಡಿನಲ್ಲಿ 26 ವರ್ಷ ಡ್ಯೂಟಿ ಮಾಡಿ ರಿಟೈರ್ ಆದವಳು. ಡೇ ಕೇರ್ ಅಂದರೆ ಬೆಳಿಗ್ಗೆ ಬಂದು, ಡ್ರಿಪ್ ಹಾಕಿಸಿಕೊಂಡು, ಸಂಜೆ ಮನೆಗೆ ಹೋಗುವ ವಾರ್ಡು. ಒರಗಿ ಕೂರುವ ಕುರ್ಚಿಗಳ ಸಾಲು. ಒಬ್ಬೊಬ್ಬರು ನಾಲ್ಕೈದು ಗಂಟೆ ಕೂರಬೇಕು. ಡ್ರಿಪ್ ತೊಟ್ಟಿಕ್ಕುವುದನ್ನು ಎಷ್ಟು ಹೊತ್ತು ನೋಡಲಿಕ್ಕಾಗುತ್ತೆ ಹೇಳಿ? ಪಕ್ಕದ ಕುರ್ಚಿಯವರನ್ನು ಮಾತಾಡಿಸಲೇಬೇಕು.

ನಮ್ಮ ದೇಶದ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಸ್ತನ ಕ್ಯಾನ್ಸರ್. 2022ರ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೊಸ ರೋಗಿಗಳು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅಂದರೆ ನಿಮ್ಮ ಬೀದಿಯಲ್ಲೋ ಪಕ್ಕದ ಬೀದಿಯಲ್ಲೋ ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ನೋಡಲು ನೀವು ಹೋಗಿಯೇ ಹೋಗುತ್ತೀರಿ. ನನ್ನ ತಕರಾರು ಇರುವುದೇ ಅಲ್ಲಿ.

ನೋಡಲು ಹೋಗುವವರ ಕೈಯಲ್ಲಿ ಮೂಸಂಬಿ, ಏಲಕ್ಕಿ ಬಾಳೆಹಣ್ಣು. ಮುಖ ಮಾತ್ರ ತಿಥಿ ಊಟಕ್ಕೆ ಬಂದ ಹಾಗೆ. ಕೂತ ಕೂಡಲೇ, "ನಮ್ಮ ಅತ್ತೆಯ ತಂಗಿಗೂ ಇದೇ ಆಗಿತ್ತು" ಎಂದು ಶುರು. ಆ ತಂಗಿ ಆಮೇಲೆ ಏನಾದರು ಅನ್ನುವುದನ್ನು ಮಾತ್ರ ಹೇಳುವುದಿಲ್ಲ! ಆಮೇಲೆ ಲಕ್ಷ್ಮಣಫಲದ ಎಲೆ ಕುದಿಸಿ ಕುಡಿ ಎಂದು ಸಲಹೆ. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಧೈರ್ಯವಾಗಿರಮ್ಮ." ಧೈರ್ಯವೇನು ಅಂಗಡಿಯಲ್ಲಿ ತೂಕ ಹಾಕಿಸಿಕೊಂಡು ತರುವ ಸಾಮಾನಾ?

ಒಬ್ಬರು ನನ್ನ ಹತ್ತಿರ ಹೇಳಿದ್ದರು. "ಸಿಸ್ಟರ್, ಮನೇಲಿ ಎಲ್ಲರೂ ನನ್ನ ಮುಂದೆ ಮೆತ್ತಗೆ ಮಾತಾಡ್ತಾರೆ. ನನ್ನ ಗಂಡ ಜಗಳ ಆಡೋದನ್ನೇ ಬಿಟ್ಟುಬಿಟ್ಟಿದ್ದಾರೆ. ಅದು ನೋಡಿನೇ ನಂಗೆ ಭಯ ಆಯ್ತು."

ಅದಕ್ಕೇ ಅವರಿಗೆ ಇನ್ನೊಬ್ಬ ರೋಗಿ ಬೇಕು. ಆಕೆಗೆ ಏನನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಕೆಂಪು ಔಷಧಿ ಏರಿದ ದಿನ ಮೂತ್ರ ಕೆಂಪಗೆ ಹೋಗುತ್ತೆ ಅಂತ ಆಕೆಗೆ ಗೊತ್ತು. ಎರಡು ಮೂರು ವಾರಕ್ಕೆ ದಿಂಬಿನ ಮೇಲೆ ಕೂದಲು ಬಿದ್ದಿರುತ್ತೆ ಅಂತ ಗೊತ್ತು. ಏನು ತಿಂದರೂ ತಗಡು ನೆಕ್ಕಿದ ರುಚಿ ಅಂತ ಗೊತ್ತು. ಇಷ್ಟೆಲ್ಲ ಗೊತ್ತಿರುವುದರಿಂದ ಇಬ್ಬರೂ ಕಾಯಿಲೆ ವಿಷಯ ಬಿಟ್ಟು ಸೊಸೆ ವಿಷಯ ಮಾತಾಡಬಹುದು. ಅದು ಎಂಥ ಆರಾಮ ಅಂತ ನಿಮಗೆ ಅಂದಾಜಿಲ್ಲ.

ಹರಟೆಯಿಂದ ಕ್ಯಾನ್ಸರ್ ವಾಸಿಯಾಗುತ್ತಾ ಎಂದು ಕೇಳುತ್ತೀರಿ. ಇಲ್ಲ. ಕೆನಡಾದಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಕಾಯಿಲೆ ಬೇರೆ ಅಂಗಗಳಿಗೆ ಹರಡಿದ್ದ 235 ಹೆಂಗಸರು. ಅವರಲ್ಲಿ ಒಂದಷ್ಟು ಜನರನ್ನು ವಾರಕ್ಕೊಮ್ಮೆ ಗುಂಪಾಗಿ ಕೂರಿಸಿ ಮಾತಾಡಿಸಿದರು. ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಆಯುಸ್ಸು ಹೆಚ್ಚಾಗಲಿಲ್ಲ. ಆದರೆ ಜಾಸ್ತಿ ಸಂಕಟದಲ್ಲಿದ್ದವರ ಮನಸ್ಸು ಹಗುರಾಯಿತು, ನೋವೂ ಕಡಿಮೆ ಅನ್ನಿಸಿತು. ನನಗೆ ಅಷ್ಟು ಸಾಕು. ನೋವು ಕಡಿಮೆ ಮಾಡುವ ಒಂದು ವಸ್ತು ಪುಕ್ಕಟೆ ಸಿಗುವಾಗ ನೀವು ಯಾಕೆ ಫೋನ್ ಕಿತ್ತಿಡುತ್ತೀರಿ?

ಈಗ ಒಂದು ಕಥೆ ಹೇಳುತ್ತೇನೆ. ಕಥೆ ಅಲ್ಲ, ನಡೆದದ್ದು.

ಕೆಲವು ವರ್ಷದ ಹಿಂದಿನ ಡಿಸೆಂಬರ್. ಕಿಟಕಿ ಪಕ್ಕದ ಆರು ಕುರ್ಚಿಯಲ್ಲಿ ಆರು ಜನ. ಹೆಸರು ಬೇಡ. ಒಬ್ಬರು ಬ್ಯಾಂಕಿನ ಮೇಡಂ. ಒಬ್ಬರು ಮಾಗಡಿ ಕಡೆಯ ಅಜ್ಜಿ. ಗಾಂಧಿ ಬಜಾರಿನಲ್ಲಿ ಹೂವು ಮಾರುವಾಕೆ. ಸಾಫ್ಟ್‌ವೇರ್ ಕಂಪನಿಯ ಹುಡುಗಿ, 34 ವರ್ಷ. ಒಬ್ಬರು ಸ್ಕೂಲ್ ಟೀಚರ್. ಮೂಲೆಯಲ್ಲಿ ಶಿವಾಜಿನಗರದ ಟೈಲರಮ್ಮ. ಹೆಚ್ಚಿನವರಿಗೆ 21 ದಿನಕ್ಕೊಂದು ಸಲ ಕೀಮೊ. ಹಾಗಾಗಿ ಅದೇ ಮುಖಗಳು ಮತ್ತೆ ಮತ್ತೆ ಸೇರುತ್ತಿದ್ದವು.

ಅವತ್ತು ಟೀಚರ್ ಮುಖ ಊದಿಸಿಕೊಂಡಿದ್ದರು. ಹತ್ತು ವರ್ಷದಿಂದ ಅವರು ಬೀದಿಯ ಹೆಂಗಸರ ಜೊತೆ ಚೀಟಿ ಹಾಕುತ್ತಿದ್ದವರು. ಈ ಸಲ ಹೊಸ ಚೀಟಿಗೆ ಇವರನ್ನು ಕರೆಯಲಿಲ್ಲ. ಕೇಳಿದ್ದಕ್ಕೆ, "ನೀವು ಹುಷಾರಾಗಿ ಮಿಸ್, ಆಮೇಲೆ ನೋಡೋಣ" ಅಂದರಂತೆ.

"ಅಂದ್ರೆ ಏನು? ನಾನು ಕಂತು ಮುಗಿಸೋ ತನಕ ಇರ್ತೀನೋ ಇಲ್ವೋ ಅಂತ ತಾನೇ?" ಅಂದರು ಟೀಚರ್.

ಯಾರೂ ಮಾತಾಡಲಿಲ್ಲ. ಪಂಪಿನ ಬೀಪ್ ಬೀಪ್ ಒಂದೇ ಕೇಳುತ್ತಿತ್ತು. ಆಮೇಲೆ ಮಾಗಡಿ ಅಜ್ಜಿ ಕಣ್ಣು ಮುಚ್ಚಿಕೊಂಡೇ ಹೇಳಿದರು. "ಹಂಗಾದ್ರೆ ನಾವೇ ಹಾಕ್ಕಳನ ಬಿಡವ್ವ."

ಶುರುವಾಯಿತು. ತಲೆಗೆ 500 ರೂಪಾಯಿ. ಆರು ಜನ, ಆರು ಕಂತು. ತಿಂಗಳಿಗಲ್ಲ, 21 ದಿನಕ್ಕೊಂದು ಕಂತು! ಬ್ಯಾಂಕಿನ ಮೇಡಂ ಲೆಕ್ಕಕ್ಕೆ. ಹೆಸರು ಬರೆದ ಚೀಟಿಗಳನ್ನು ಮಡಿಸಿ ಹಾಕಲು ನನ್ನ ಕಿಡ್ನಿ ಟ್ರೇ, ಅಂದರೆ ನಾವು ಸಿರಿಂಜು ಇಡುವ ಬಾಗಿದ ತಟ್ಟೆ. ಎತ್ತಲು ನಾನು, ಯಾಕೆಂದರೆ ನಾನು ನ್ಯೂಟ್ರಲ್ ಅಂತೆ. ಕಾನೂನು ಬಲ್ಲ ಕೇಳುಗರು ಇಷ್ಟು ಭಾಗ ಕೇಳಿಸಿಕೊಂಡಿಲ್ಲ ಎಂದುಕೊಳ್ಳಿ.

ಜಗಳ ಬಂದದ್ದು ಎರಡನೇ ಕಂತಿಗೆ. ಕೀಮೊಗೆ ಮುಂಚೆ ರಕ್ತ ಪರೀಕ್ಷೆ ಇರುತ್ತದೆ. ಬಿಳಿ ರಕ್ತಕಣ ಕಡಿಮೆ ಇದ್ದರೆ ಒಂದು ವಾರ ಮುಂದಕ್ಕೆ ಹಾಕುತ್ತಾರೆ. ಇವರು ಅದನ್ನು ಕ್ರಿಕೆಟ್ ಸ್ಕೋರ್ ಥರ ಕೇಳುವುದು, "ನಿಮ್ಮ ಕೌಂಟ್ ಎಷ್ಟು?" ಅಂತ. ಸಾಫ್ಟ್‌ವೇರ್ ಹುಡುಗಿಯ ಕೌಂಟ್ ಬಿದ್ದಿತ್ತು, ಬರಲಿಲ್ಲ. ಅವಳ ಹೆಸರು ಟ್ರೇಯಲ್ಲಿ ಹಾಕಬೇಕೋ ಬೇಡವೋ? ಅರ್ಧ ಗಂಟೆ ವಾದ. ಕೊನೆಗೆ ಟೀಚರ್ ತೀರ್ಪು ಕೊಟ್ಟರು. "ಚೀಟಿ ಕೌಂಟ್ ನೋಡಲ್ಲ. ಹಾಕಿ." ಎತ್ತಿದರೆ ಅವಳದ್ದೇ ಹೆಸರು! ಫೋನ್ ಮಾಡಿ ಸ್ಪೀಕರ್ ಹಾಕಿದರು. ಮನೆಯಲ್ಲಿ ಸುಮ್ನೆ ಗೋಡೆ ನೋಡುತ್ತಾ ಕೂತಿದ್ದ ಹುಡುಗಿ, "ನನ್ನ ಟೀಮ್ ಲೀಡ್ ಕೂಡ ಇಷ್ಟು ನೆನಪು ಮಾಡ್ಕೊಳಲ್ಲ ಆಂಟಿ" ಅಂದು ಗೊಳೋ ಎಂದು ಅತ್ತಳು. ಆಮೇಲೆ, "ದುಡ್ಡು ಗೂಗಲ್ ಪೇ ಮಾಡಿ" ಅಂದಳು.

ಜನವರಿ ಬಂತು. ಅವರೆಕಾಯಿ ಕಾಲ. ಸಜ್ಜನ್ ರಾವ್ ಸರ್ಕಲ್ಲಿನಲ್ಲಿ ಅವರೆ ಮೇಳದ ಸುದ್ದಿ. ಕೌಂಟ್ ಕಡಿಮೆ ಇರುವವರು ಬೀದಿ ಬದಿಯಲ್ಲಿ ತಿನ್ನುವ ಹಾಗಿಲ್ಲ. ಬಾಯಿಗೆ ರುಚಿಯೂ ಇಲ್ಲ. ಆದರೂ ಹಿತಕಿದ ಬೇಳೆ ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಅಂತ ಒಂದಿಡೀ ಬಾಟಲ್ ಡ್ರಿಪ್ ಮುಗಿಯುವ ತನಕ ವಾದ ಮಾಡಿದರು. ಬೆಲ್ಲ ಹಾಕುವವರು ಅವರೆಯ ಸೊಗಡನ್ನೇ ಕೊಲ್ಲುತ್ತಾರೆ ಅಂತ ಮಾಗಡಿ ಅಜ್ಜಿ. ಮಾಗಡಿ ಅವರೆ ಅಂದರೆ ಸುಮ್ನೇನಾ? ನಾನು ಅಜ್ಜಿಯ ಕಡೆ. ಆ ವಾರ್ಡಿನ ಗೋಡೆ ಮೇಲೆ 'ಮೌನವಾಗಿರಿ' ಎಂಬ ಬೋರ್ಡ್ ಇತ್ತು. ಹಾಕಿಸಿದ್ದು ನಾನೇ. ಬೆಲ್ಲದ ವಾದ ನಡೆಯುವಾಗ ಅದನ್ನು ತೆಗೆದು ಬೀರುವಿನ ಹಿಂದೆ ಇಟ್ಟೆ. ಎಷ್ಟು ವರ್ಷ ಎಷ್ಟು ಜನರ ಬಾಯಿ ಮುಚ್ಚಿಸಿದ್ದೆನೋ ಏನೋ.

ನಾಲ್ಕನೇ ಕಂತಿನ ದಿನ ಹೂವಿನಾಕೆ ಮಾತೇ ಆಡಲಿಲ್ಲ. ಅವರಿಗೆ ಔಷಧಿ ಬದಲಾಗಿತ್ತು. ಕೆಲವು ಔಷಧಿಗೆ ಬೆರಳ ತುದಿ ಜೋಮು ಹಿಡಿಯುತ್ತದೆ. ನಿಮಗೆ ನನಗೆ ಆದರೆ ಅಂಗಿ ಗುಂಡಿ ಹಾಕಲು ಕಷ್ಟ, ಅಷ್ಟೇ. ಆಕೆಗೆ ಹೂವು ಕಟ್ಟಲು ಬರುತ್ತಿಲ್ಲ. "ಕಣ್ಣು ಮುಚ್ಕಂಡು ಕಟ್ತಿದ್ದೆ ಸಿಸ್ಟರ್. ಈಗ ದಾರ ಎಲ್ಲೈತೆ, ಮೊಗ್ಗು ಎಲ್ಲೈತೆ, ಗೊತ್ತೇ ಆಗಲ್ಲ." ಡಾಕ್ಟರಿಗೆ ಹೇಳಿದೆ, ಡೋಸ್ ಕಡಿಮೆ ಮಾಡಿದರು. ಆದರೆ ಅವತ್ತಿನ ದುಃಖಕ್ಕೆ ಡೋಸ್ ಏನು ಮಾಡುತ್ತೆ?

ಬ್ಯಾಂಕಿನ ಮೇಡಂ ಕೇಳಿದರು. "ನಮಗೆ ಹೇಳಿಕೊಡಿ. ಹೇಗೂ ಕೂತಿದ್ದೀವಲ್ಲ." ವಾರ್ಡಿನೊಳಗೆ ಹೂವು ತರುವಂತಿಲ್ಲ. ಸಿರಿಂಜಿನ ಪ್ಯಾಕೆಟ್ಟಿಗೆ ಒಂದು ಕಡೆ ಬಿಳಿ ಕಾಗದ ಇರುತ್ತದೆ. ಅದನ್ನು ಹರಿದು, ಸುರುಳಿ ಸುತ್ತಿ ಮೊಗ್ಗು ಮಾಡಿದರು. ಟೈಲರಮ್ಮನ ಚೀಲದಿಂದ ದಾರ ಬಂತು. ಈಗ ಸಮಸ್ಯೆ. ಮೇಡಂಗೆ ಬಲಗೈಯಲ್ಲಿ ಡ್ರಿಪ್. ಪಕ್ಕದ ಅಜ್ಜಿಗೆ ಎಡಗೈಯಲ್ಲಿ. ಆಪರೇಷನ್ ಆದ ಕಡೆಯ ಕೈಗೆ ನಾವು ಸೂಜಿ ಚುಚ್ಚುವುದಿಲ್ಲ, ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಕೈ. ಹೂವು ಕಟ್ಟಲು ಎರಡು ಕೈ ಬೇಕಲ್ಲ! ಮೇಡಂ ಎಡಗೈಯಲ್ಲಿ ಮೊಗ್ಗು ಜೋಡಿಸಿ ಹಿಡಿದರು. ಅಜ್ಜಿ ಬಲಗೈಯಲ್ಲಿ ದಾರ ಸುತ್ತಿ ಕುಣಿಕೆ ಎಳೆದರು. ಹೂವಿನಾಕೆ ಎದುರಿನಿಂದ ಬೈಯುತ್ತಿದ್ದರು. "ಬಿಗಿಯಾಗಿ ಎಳೀರಿ ಮೇಡಮ್ಮೋರೆ, ನಿಮ್ಮ ಬ್ಯಾಂಕಲ್ಲ ಇದು, ನಾಳೆ ಬಾ ಅನ್ನಕ್ಕೆ!" ಮೂರು ಗಂಟೆಗೆ ಒಂದು ಮೊಳ ಆಯಿತು. ವಕ್ರ ವಕ್ರ. ಡ್ರಿಪ್ ಸ್ಟ್ಯಾಂಡಿಗೆ ನೇತು ಹಾಕಿದರು. ಹೂವಿನಾಕೆ ಅದನ್ನು ನೋಡಿ, "ಇದನ್ನ ಹತ್ತು ರೂಪಾಯಿಗೂ ಯಾರೂ ತಗಳಲ್ಲ" ಅಂದರು. ಅವತ್ತು ಬಂದಾಗಿನಿಂದ ಅವರು ನಕ್ಕದ್ದು ಆಗಲೇ.

ಓ, ಆ ಕಡೆ ಗಾಜಿನ ಹಿಂದಿನಿಂದ ಕೈ ತೋರಿಸುತ್ತಿದ್ದಾರೆ. ಎರಡೇ ನಿಮಿಷ ಅಂತೆ. ಹೇಳಬೇಕಾದ್ದು ಬೇಕಾದಷ್ಟು ಉಳಿದಿದೆ, ಬೇಗ ಹೇಳಿಬಿಡುತ್ತೇನೆ.

ಇದೇನು ಹೊಸದಲ್ಲ. ಅಮೆರಿಕದಲ್ಲಿ ಟೆರೀಸ್ ಲ್ಯಾಸರ್ ಎಂಬಾಕೆ, ಸ್ವತಃ ಸ್ತನದ ಆಪರೇಷನ್ ಆದವರು, 1952ರಲ್ಲೇ ಬೇರೆ ರೋಗಿಗಳನ್ನು ಹುಡುಕಿಕೊಂಡು ಹೋಗಲು ಶುರು ಮಾಡಿದರು. ಕೈ ವ್ಯಾಯಾಮಕ್ಕೆ ಒಂದು ರಬ್ಬರ್ ಚೆಂಡು, ಒಂದು ಹಗ್ಗ, ಜೊತೆಗೆ ಮಾತು. ಅವರ ಬಗ್ಗೆಯೇ ಐದು ನಿಮಿಷ ಹೇಳಬೇಕು ಅಂತಿದ್ದೆ, ಬೆಲ್ಲದ ವಾದ ನುಂಗಿಹಾಕಿತು.

ಕ್ಯಾನ್ಸರ್ ಅಂಟುರೋಗ ಅಲ್ಲ. ತಟ್ಟೆ ಲೋಟ ಬೇರೆ ಇಡಬೇಡಿ. ಎದೆಯಲ್ಲಿ ಗಂಟು ಕಂಡರೆ ನಾಚಿಕೆ ಬಿಟ್ಟು ಡಾಕ್ಟರಿಗೆ ತೋರಿಸಿ. ಹೆಚ್ಚಿನ ಗಂಟು ಕ್ಯಾನ್ಸರ್ ಅಲ್ಲ, ಆದರೂ ತೋರಿಸಿ. ಕೀಮೊ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಓಡಿ. ಮಿಕ್ಕ ಹೊತ್ತೆಲ್ಲ ಅವರನ್ನು ಹರಟಲು ಬಿಡಿ. ನೀವು ನೋಡಲು ಹೋದರೆ ಧೈರ್ಯ ಹೇಳಬೇಡಿ. "ಇವತ್ತು ಏನ್ರೀ ಸಾರು?" ಅಂತ ಕೇಳಿ.

ಚೀಟಿ ಕಥೆ ಮುಗಿಸಿಲ್ಲ ಅಲ್ವಾ. ಆರನೇ ಕಂತಿನ ಹೊತ್ತಿಗೆ ನಾಲ್ಕು ಜನರ ಕೀಮೊ ಮುಗಿದಿತ್ತು. ಡ್ರಿಪ್ ಇಲ್ಲ, ಏನಿಲ್ಲ. ಆದರೂ ಬಂದರು, ಚೀಟಿಗೆ ಅಂತಲೇ. ಹುಡುಗಿಯ ತಲೆ ಮೇಲೆ ಹೊಸ ಕೂದಲು, ಬ್ರಷ್ಷಿನ ಹಾಗೆ. ಎಲ್ಲರ ರವಿಕೆಗೂ ಟೈಲರಮ್ಮ ಒಳಗಡೆ, ಸ್ತನದ ಆಪರೇಷನ್ ಆದ ಕಡೆ, ಹತ್ತಿ ಪ್ಯಾಡ್ ಇಡುವ ಜೇಬು ಹೊಲಿದು ಕೊಟ್ಟಿದ್ದರು. ಅವರ ಕಾಯಿಲೆ ಮಾತ್ರ ಮೂಳೆಗೆ ಹೋಗಿತ್ತು. ಅವರಿಗೆ ಔಷಧಿಗೆ ಕೊನೆ ಕಂತು ಅಂತ ಇಲ್ಲ, ನಡೆಯುತ್ತಲೇ ಇರಬೇಕು. ಕೊನೆಯ ದುಡ್ಡು ಎಣಿಸಿ ಆದ ಮೇಲೆ ಅವರು ಕೇಳಿದರು. "ಮತ್ತೆ ಮುಂದಿನ ಚೀಟಿ ಯಾವಾಗ?"

"ನಿಮ್ಮ ಮುಂದಿನ ಡೇಟ್ ಯಾವಾಗ?" ಅಂದರು ಟೀಚರ್.

ಅದೇ ಡೇಟಿಗೆ ಶುರುವಾಯಿತು. ಈಗಲೂ ಟೈಲರಮ್ಮನ ಕೀಮೊ ದಿನವೇ ಚೀಟಿ ದಿನ. ಒಂಬತ್ತು ಜನ ಆಗಿದ್ದಾರೆ. ರಿಟೈರ್ ಆದ ಮೇಲೆ ನಾನೂ ಸೇರಿದೆ. ನ್ಯೂಟ್ರಲ್ ಪದವಿ ಹೋಯಿತು, ಈಗ ಎತ್ತುವುದು ಟೈಲರಮ್ಮ. ಏಳು ಕಂತು ಆಗಿದೆ, ನನ್ನ ಹೆಸರು ಇನ್ನೂ ಬಂದಿಲ್ಲ. ನರ ಸಿಗದೆ ಅವರಿಗೆ ಎಷ್ಟು ಸಲ ಚುಚ್ಚಿದ್ದೆನೋ, ಅದರ ಸೇಡು ಅಂತ ನನಗೆ ಅನುಮಾನ. ಬರುವ ಗುರುವಾರ ಕೇಳಿಯೇ ಬಿಡುತ್ತೇನೆ.

ನಮಸ್ಕಾರ.