ಪೋರ್ಟ್ ಬದಲಾದರೆ ವಿಂಡೋಸ್ ಅಳಿಸಿಹೋಗುವುದಿಲ್ಲ

ಕೇಳುಗರಿಗೆ ನಮಸ್ಕಾರ.

ಹಳೇ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿಗಿಂತ ವೇಗದ ಡ್ರೈವ್, ಹಾಕಿಸಿದ್ದೀರಿ, ಆದರೂ ಅಂದುಕೊಂಡಷ್ಟು ವೇಗ ಬಂದಿಲ್ಲ, ಅಲ್ವಾ? ಅದರ ಕೇಬಲ್ ಮದರ್‌ಬೋರ್ಡಿನ ಯಾವ ಪೋರ್ಟಿಗೆ ಹೋಗಿದೆ ಅಂತ ಒಮ್ಮೆ ನೋಡಿ. 2011ರಲ್ಲಿ ಬಂದ ಇಂಟೆಲ್ ಪಿ67, ಎಚ್67 ಚಿಪ್‌ಸೆಟ್‌ಗಳಲ್ಲಿ, ಅಂದರೆ ಮದರ್‌ಬೋರ್ಡಿನ ಮುಖ್ಯ ಚಿಪ್‌ಗಳಲ್ಲಿ, ಡ್ರೈವ್ ಜೋಡಿಸುವ ಸಾಟಾ ಪೋರ್ಟುಗಳ ಪೈಕಿ ಸೆಕೆಂಡಿಗೆ 6 ಗಿಗಾಬಿಟ್ ವೇಗದವು ಎರಡೇ, ಉಳಿದ ನಾಲ್ಕೂ 3 ಗಿಗಾಬಿಟ್‌ನವು. ಒಳ್ಳೆಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 500 ಮೆಗಾಬೈಟ್‌ಗೂ ಜಾಸ್ತಿ ಓದುತ್ತದೆ, ನಿಧಾನದ ಪೋರ್ಟಿನಲ್ಲಿ ಅದು 300 ದಾಟುವುದಿಲ್ಲ. ಹಾಗಾಗಿ ಕಂಪ್ಯೂಟರ್ ಆಫ್ ಮಾಡಿ, ಅದರ ಪವರ್ ಕೇಬಲ್ ಕಿತ್ತು, ಡ್ರೈವನ್ನು ವೇಗದ ಪೋರ್ಟಿಗೆ ಹಾಕಿ.

ಇಲ್ಲೇ ಜನ ಹೆದರುವುದು. ಆನ್ ಮಾಡಿದರೆ ಕಪ್ಪು ಪರದೆ, ಬೂಟ್ ಡಿವೈಸ್ ಸಿಗಲಿಲ್ಲ ಅನ್ನುವ ಸಾಲು. ಆಗ ಯಾರಾದರೂ ಫಾರ್ಮ್ಯಾಟ್ ಮಾಡಿಬಿಡೋಣ ಅಂದರೆ ದಯವಿಟ್ಟು ಒಪ್ಪಬೇಡಿ! ಮಕ್ಕಳ ಫೋಟೋ, ಅಂಗಡಿಯ ಲೆಕ್ಕ ಎಲ್ಲವೂ ಡ್ರೈವಿನೊಳಗೆ ಇದ್ದ ಹಾಗೇ ಇದೆ. ವಿಂಡೋಸ್ ತನ್ನ ಡಿಸ್ಕನ್ನು ಗುರುತಿಸುವುದು ಡಿಸ್ಕಿನಲ್ಲೇ ಬರೆದಿರುವ ಗುರುತಿನ ಸಂಖ್ಯೆಯಿಂದ, ಪೋರ್ಟ್ ನಂಬರಿನಿಂದ ಅಲ್ಲ. ಹೆಚ್ಚಾಗಿ ಬದಲಾಗಿರುವುದು ಬಯಾಸ್‌ನ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ಪ್ರೋಗ್ರಾಮಿನ, ಬೂಟ್ ಆರ್ಡರ್ ಅಷ್ಟೇ: ಯಾವ ಡ್ರೈವಿನಿಂದ ಮೊದಲು ಶುರುವಾಗಬೇಕು ಅನ್ನುವ ಪಟ್ಟಿ. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿ ಒಳಗೆ ಹೋಗಿ, ಆ ಡ್ರೈವನ್ನೋ ವಿಂಡೋಸ್ ಬೂಟ್ ಮ್ಯಾನೇಜರನ್ನೋ ಮೊದಲಿಗೆ ತನ್ನಿ, ಸೇವ್ ಮಾಡಿ. ವಿಂಡೋಸ್ ಹಾಕುವಾಗ ಎರಡು ಡಿಸ್ಕ್ ಇದ್ದಿದ್ದರೆ ಬೂಟ್ ಫೈಲುಗಳು ಇನ್ನೊಂದರಲ್ಲಿ ಕೂತಿರಬಹುದು, ಅದನ್ನೂ ಜೋಡಿಸಿಯೇ ನೋಡಿ.

ನೀಲಿ ಪರದೆ ಬಂದು ಇನ್‌ಆಕ್ಸೆಸಬಲ್ ಬೂಟ್ ಡಿವೈಸ್ ಅಂದರೆ ಕಥೆ ಬೇರೆ. ಕೆಲವು ಬೋರ್ಡುಗಳಲ್ಲಿ ಒಂದೆರಡು ಪೋರ್ಟ್ ಮಾರ್ವೆಲ್ ಅಥವಾ ಎಎಸ್‌ಮೀಡಿಯಾದಂಥ ಬೇರೆ ಚಿಪ್‌ನ ಕೈಯಲ್ಲಿರುತ್ತವೆ, ಇಲ್ಲವೇ ಬಯಾಸ್‌ನಲ್ಲಿ ಸಾಟಾ ಮೋಡ್, ಅಂದರೆ ಡ್ರೈವ್ ಜೊತೆ ವ್ಯವಹರಿಸುವ ರೀತಿ, ಐಡಿಇ, ಎಎಚ್‌ಸಿಐ, ರೇಡ್ ಇವುಗಳ ನಡುವೆ ಬದಲಾಗಿರುತ್ತದೆ, ಬೂಟ್ ಆಗುವ ಹೊತ್ತಿಗೆ ವಿಂಡೋಸ್ ಬಳಿ ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಸಿದ್ಧವಿರುವುದಿಲ್ಲ. ಹಳೇ ಪೋರ್ಟಿಗೆ, ಹಳೇ ಮೋಡಿಗೆ ವಾಪಸ್ ಹೋದರೆ ಸಾಮಾನ್ಯವಾಗಿ ಬೂಟ್ ಆಗುತ್ತದೆ. ಹೊಸ ಮೋಡೇ ಬೇಕಿದ್ದರೆ, ಹಾಗೆ ಬೂಟ್ ಆದ ಮೇಲೆ ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಅನ್ನುವ ಸೆಟ್ಟಿಂಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಮಾಡುವಾಗಲೇ ಬಯಾಸ್‌ಗೆ ಹೋಗಿ ಮೋಡ್ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಆನ್ ಆದ ಮೇಲೆ ಟಿಕ್ ತೆಗೆಯಿರಿ.

ಹೊಸ ಬೋರ್ಡಿನ ಎಂ.2 ಎಸ್‌ಎಸ್‌ಡಿಯನ್ನು, ಅಂದರೆ ಕೇಬಲ್ ಇಲ್ಲದೆ ನೇರ ಬೋರ್ಡಿಗೇ ಕೂರಿಸುವ ಡ್ರೈವನ್ನು, ಬೇರೆ ಸ್ಲಾಟಿಗೆ ಹಾಕುವವರು ಮೊದಲು ಮ್ಯಾನುಯಲ್ ತೆರೆಯಿರಿ. ಕೆಲವು ಸ್ಲಾಟುಗಳಲ್ಲಿ ಡ್ರೈವ್ ಕೂರಿಸಿದರೆ ಒಂದೆರಡು ಸಾಟಾ ಪೋರ್ಟ್ ಕೆಲಸವನ್ನೇ ನಿಲ್ಲಿಸುತ್ತವೆ, ಅಲ್ಲಿದ್ದ ಹಾರ್ಡ್ ಡಿಸ್ಕ್ ಕೆಟ್ಟುಹೋಯಿತು ಅಂತ ಸುಮ್ನೆ ಗಾಬರಿಯಾಗುತ್ತೀರಿ.

ಡ್ರೈವಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಇದೆಲ್ಲಕ್ಕೂ ಮುಂಚೆ ಅದನ್ನು ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ಬಯಾಸ್ ಬದಲಾದದ್ದು ಕಂಡರೆ ಅದು ಆ ಕೀ ಕೇಳಬಹುದು. ಕೀ ಎಲ್ಲಿಯೂ ಸಿಗದಿದ್ದರೆ ಒಳಗಿನ ಫೈಲುಗಳನ್ನು ಮೈಕ್ರೋಸಾಫ್ಟ್‌ನವರೂ ತೆಗೆದುಕೊಡಲಾರರು.

ನಮಸ್ಕಾರ.