ಗುಂಡಿಗೆ ಇಳಿಸುವ ಕಾಲೇಜು
(ಕುಮಟೆಯಲ್ಲಿ ವಿಶ್ವ ಮಣ್ಣು ದಿನದಂದು ನೀಡಿದ ಉಪನ್ಯಾಸ)

ಹಿರಿಯರೇ, ಅಧ್ಯಾಪಕ ಮಿತ್ರರೇ, ದ್ವಿತೀಯ ಪಿಯುಸಿಯ ಮಕ್ಕಳೇ, ಅವರನ್ನು ಕರೆದುಕೊಂಡು ಬಂದಿರುವ ತಂದೆ ತಾಯಿಯರೇ,

ಡಿಸೆಂಬರ್ 5ಕ್ಕೆ ಮಣ್ಣಿನ ಬಗ್ಗೆ ಮಾತನಾಡಿ ಎಂದು ಕರೆದಿದ್ದೀರಿ. ಮೂರು ವಾರಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ತಂದೆಯೊಡನೆ ನಮ್ಮ ಮನೆಗೆ ಬಂದಿದ್ದಳು. ‘ಸರ್, ಮಣ್ಣುವಿಜ್ಞಾನದಲ್ಲೇ ಪದವಿ ಮಾಡಬೇಕು. ಯಾವ ಕಾಲೇಜಿಗೆ ಹೋಗಲಿ?’ ಎಂದು ಕೇಳಿದಳು. ಬದುಕಿನ ಬಹುಪಾಲನ್ನು ಮಣ್ಣು ಪರೀಕ್ಷೆಯಲ್ಲಿ ಕಳೆದ ನನಗೆ ಇದಕ್ಕಿಂತ ಸಂತೋಷದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆದರೂ ಅಂದು ಚಹಾ ಆರುವುದರೊಳಗೆ ಅವಸರದ ಉತ್ತರ ಕೊಟ್ಟು ಕಳುಹಿಸಿದೆ. ಅದು ಮನಸ್ಸನ್ನು ಕೊರೆಯುತ್ತಲೇ ಇದೆ. ಅವಳು ಇಲ್ಲೇ ಕುಳಿತಿದ್ದಾಳೆ. ತಂಗೀ, ಉಳಿದ ಉತ್ತರ ಇವತ್ತು ಹೇಳುತ್ತೇನೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಮ್ಮ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ‘ಮಣ್ಣುವಿಜ್ಞಾನ’ ಎಂಬ ಹೆಸರಿನ ಪದವಿಯನ್ನೇ ಹುಡುಕುತ್ತಾ ಹೋದರೆ ಬರಿಗೈಯಲ್ಲಿ ಬರುತ್ತೀರಿ. ನಾಲ್ಕು ವರ್ಷದ ಬಿ.ಎಸ್ಸಿ. ಕೃಷಿ ಪದವಿ ಇರುತ್ತದೆ. ಅದರೊಳಗೆ ‘ಮಣ್ಣು ವಿಜ್ಞಾನ ಮತ್ತು ಕೃಷಿ ರಸಾಯನಶಾಸ್ತ್ರ’ ಎಂಬ ವಿಭಾಗ ಇರುತ್ತದೆ. ಮಣ್ಣಿನಲ್ಲೇ ಮುಳುಗುವುದು ಎಂ.ಎಸ್ಸಿ.ಯಲ್ಲಿ. ಹಾಗಾದರೆ ಪದವಿಗೆ ಯಾವ ಕಾಲೇಜಾದರೂ ನಡೆಯುತ್ತದೆಯಲ್ಲ ಎಂದು ಆ ತಂದೆ ಕೇಳಿದರು. ನಡೆಯುವುದಿಲ್ಲ ಎಂದು ಹೇಳಲಿಕ್ಕೇ ನಾನು ಇಲ್ಲಿ ನಿಂತಿದ್ದೇನೆ. ಕಾಲೇಜಿನ ಕಟ್ಟಡ, ಹಾಸ್ಟೆಲು, ವೆಬ್‌ಸೈಟು ಎಲ್ಲ ನೋಡಿ. ಆದರೆ ಅಲ್ಲಿ ಓದುತ್ತಿರುವ ಹುಡುಗನನ್ನು ಹಿಡಿದು ಒಂದು ಪ್ರಶ್ನೆ ಕೇಳಿ: ‘ತಮ್ಮಾ, ನಿನ್ನನ್ನು ಮಣ್ಣಿನ ಗುಂಡಿಗೆ ಎಷ್ಟು ಸಲ ಇಳಿಸಿದ್ದಾರೆ?’

ಈ ಪ್ರಶ್ನೆ ನನಗೆ ಹುಟ್ಟಿದ್ದು ನಮ್ಮ ಅಘನಾಶಿನಿ ದಂಡೆಯಲ್ಲಿ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ತಾಳ್ಮೆಯಿರಲಿ.

ಒಂದು ಏಪ್ರಿಲ್ ತಿಂಗಳು. ಉಬ್ಬರದ ನೀರು ತಲುಪುವ ತಗ್ಗಿನ ಗಜನಿ ಗದ್ದೆಯ ಹಿರಿಯ ರೈತರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣು ತುಂಬಿಕೊಂಡು ಒಂದು ಪ್ರಯೋಗಾಲಯಕ್ಕೆ ಹೋದರು. ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ತರುಣನಿದ್ದ. ಒಳ್ಳೆಯ ಹುಡುಗ, ಒಳ್ಳೆಯ ಅಂಕಗಳು. ಮಣ್ಣು ಒಣಗಿಸಿದ, ಜರಡಿ ಹಿಡಿದ, ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಕಲಕಿದ, ಯಂತ್ರದ ಕಡ್ಡಿ ಅದ್ದಿದ. ವಿದ್ಯುತ್ ವಾಹಕತೆ ವಿಪರೀತ ಬಂತು. ಅಂದರೆ ಉಪ್ಪು. ‘ಈ ಭೂಮಿ ಭತ್ತಕ್ಕೆ ಯೋಗ್ಯವಲ್ಲ’ ಎಂದು ಬರೆದು, ಮೊಹರು ಒತ್ತಿ ಕೊಟ್ಟ.

ರೈತರು ಆ ಕಾಗದವನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ನನ್ನ ಬಳಿ ಬಂದರು. ‘ಮಾಸ್ತರೇ, ನನ್ನ ಅಜ್ಜ ಇಲ್ಲಿ ಕಗ್ಗ ಭತ್ತ ಬೆಳೆದ, ಅಪ್ಪ ಬೆಳೆದ, ನಾನೂ ಬೆಳೆದು ಉಂಡಿದ್ದೇನೆ. ಇದರಲ್ಲಿ ಯೋಗ್ಯವಲ್ಲ ಎಂದು ಬರೆದಿದೆಯಂತೆ. ಹಾಗಾದರೆ ನಾವು ಇಷ್ಟು ವರ್ಷ ಉಂಡಿದ್ದು ಏನು?’ ಎಂದರು. ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದರು.

ಈ ಸಭೆಯಲ್ಲಿ ಗಜನಿ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಹಂಗಾಮು ಮುಗಿದ ಮೇಲೆ ಉಬ್ಬರದ ನೀರು ಒಳಗೆ ಬರುತ್ತದೆ, ಮೀನು ಸಿಗಡಿ ಬರುತ್ತವೆ. ಬೇಸಿಗೆಯಲ್ಲಿ ಗದ್ದೆ ಒಣಗಿದಾಗ ಉಪ್ಪು ಮೇಲೇರಿ ಬಿಳಿ ಪೊರೆ ಕಟ್ಟುತ್ತದೆ. ಏಪ್ರಿಲ್‌ನಲ್ಲಿ ತೆಗೆದ ಮಾದರಿಯಲ್ಲಿ ಉಪ್ಪಿರದೆ ಇನ್ನೇನಿರುತ್ತದೆ? ಜೂನ್ ಬರಲಿ. ಘಟ್ಟದ ಮಳೆ ಇಳಿದು ಹೊಳೆ ಸಿಹಿಯಾಗುತ್ತದೆ, ಗದ್ದೆಯ ಉಪ್ಪು ತೊಳೆದು ಹೋಗುತ್ತದೆ. ಆಗ ಕಗ್ಗ ಬಿತ್ತುತ್ತಾರೆ. ಉಪ್ಪನ್ನೂ ತಾಳುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ತಾಳುತ್ತದೆ. ಮಣ್ಣಿಗೆ ಊರಿದೆ, ತಿಂಗಳೂ ಇದೆ! ಆ ತರುಣ ಯಂತ್ರದ ಅಂಕಿಯನ್ನು ತಪ್ಪಿಲ್ಲದೆ ಓದಿದ್ದ. ಮಾದರಿ ಯಾವ ತಿಂಗಳಿನದು ಎಂದು ಮಾತ್ರ ಕೇಳಿರಲಿಲ್ಲ.

ನಾನು ಅವನನ್ನು ಕರೆದುಕೊಂಡು ಆಗಸ್ಟ್‌ನಲ್ಲಿ ಅದೇ ಗದ್ದೆಗೆ ಹೋದೆ. ಮೊಣಕಾಲವರೆಗೆ ಕೆಸರು. ಅದೇ ಜಾಗದ ಮಣ್ಣು ತೆಗೆದು ತಂದು ಅವನ ಕೈಯಲ್ಲೇ ಅಳತೆ ಮಾಡಿಸಿದೆ. ಅಂಕಿ ಎಷ್ಟೋ ಕೆಳಗಿಳಿದಿತ್ತು. ಅವನು ಬಹಳ ಹೊತ್ತು ಸುಮ್ಮನೆ ಕುಳಿತ. ಆಮೇಲೆ ಒಂದು ಮಾತು ಹೇಳಿದ: ‘ಸರ್, ನಾಲ್ಕು ವರ್ಷದಲ್ಲಿ ನಮ್ಮನ್ನು ಗದ್ದೆಗೆ ಕರೆದುಕೊಂಡು ಹೋದದ್ದು ಫೋಟೋ ತೆಗೆಸಲಿಕ್ಕೆ.’

ಅವನು ಓದಿದ ಕಾಲೇಜಿನ ಹೆಸರು ಹೇಳುವುದಿಲ್ಲ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಂದ ಗುಂಡಿಯನ್ನು ಕಸಿದುಕೊಂಡವರ ಮೇಲೆ ಇದೆ.

ಗುಂಡಿ ಎಂದರೆ ಏನು? ಆಳೆತ್ತರ ತೋಡಿ, ಒಳಗೆ ಇಳಿದು, ಗೋಡೆಯನ್ನು ನೋಡುವುದು. ಮೇಲಿನ ಕಪ್ಪು ಪದರ ಎಲ್ಲಿ ಮುಗಿಯಿತು, ಬೇರು ಎಲ್ಲಿಗೆ ನಿಂತಿತು, ಬಣ್ಣ ಎಲ್ಲಿ ಬದಲಾಯಿತು? ಇವನ್ನೆಲ್ಲ ಬೆರಳಿನಿಂದ ಮುಟ್ಟಿ ಓದಬೇಕು. ರಷ್ಯಾದ ದೊಕುಚಾಯೆವ್ 1883ರಲ್ಲಿ ಅಲ್ಲಿನ ಕರಿಮಣ್ಣಿನ ಮೇಲೆ ಗ್ರಂಥ ಬರೆದು ಈ ಶಾಸ್ತ್ರಕ್ಕೆ ಬುನಾದಿ ಹಾಕಿದರು. ಅವರ ಮಾತಿನ ತಿರುಳು ಇಷ್ಟೇ: ಮಣ್ಣು ಬಂಡೆಯ ಪುಡಿ ಮಾತ್ರವಲ್ಲ, ಹವೆ, ಜೀವಿಗಳು, ನೆಲದ ಏರಿಳಿತ, ಕಾಲ ಎಲ್ಲ ಸೇರಿ ಬೆಳೆಸಿದ ವಸ್ತು. ಅದಕ್ಕೆ ಪದರಗಳಿವೆ, ಚರಿತ್ರೆಯಿದೆ. ಪದರ ನೋಡಲು ಒಳಗೆ ಇಳಿಯಲೇಬೇಕು.

ನಿಮ್ಮ ಮನೆಯ ಗೋಡೆಯನ್ನೇ ನೋಡಿ. ಚಿರೇಕಲ್ಲು. ನೆಲದಿಂದ ಕಡಿಯುವಾಗ ಮೆದು, ಗಾಳಿಗೆ ಬಿದ್ದು ಒಣಗಿದ ಮೇಲೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800–01ರಲ್ಲಿ ಮೈಸೂರು, ಮಲಬಾರ್ ಸುತ್ತಿ ನಮ್ಮ ಕರಾವಳಿಯಲ್ಲೂ ಹಾದುಹೋದ. ಕೇರಳದ ಅಂಗಾಡಿಪುರಂ ಬಳಿ ಕಂಡ ಈ ಕಲ್ಲಿಗೆ ಲ್ಯಾಟೆರೈಟ್ ಎಂದು ಹೆಸರಿಟ್ಟು 1807ರ ತನ್ನ ಪುಸ್ತಕದಲ್ಲಿ ಬರೆದ. ಲ್ಯಾಟಿನ್‌ನಲ್ಲಿ ಇಟ್ಟಿಗೆ ಎಂದು ಅರ್ಥ. ಜಗತ್ತಿನ ಮಣ್ಣುವಿಜ್ಞಾನಿಗಳೆಲ್ಲ ಓದುವ ಆ ಕಲ್ಲಿನ ಮೇಲೆ ನಾವು ಬಟ್ಟೆ ಒಗೆಯುತ್ತೇವೆ! ಲಕ್ಷಾಂತರ ವರ್ಷದ ಮಳೆ ಸುಣ್ಣ, ಮೆಗ್ನೀಷಿಯಂಗಳನ್ನು ತೊಳೆದು ಒಯ್ದು, ಕಬ್ಬಿಣ, ಅಲ್ಯುಮಿನಿಯಂಗಳನ್ನು ಉಳಿಸಿದೆ. ಅದಕ್ಕೇ ನಮ್ಮ ಮಣ್ಣು ಹುಳಿ. ಅದಕ್ಕೇ ನೀವು ಹಾಕಿದ ರಂಜಕವನ್ನು ಅದು ಬಿಗಿಯಾಗಿ ಹಿಡಿದಿಟ್ಟುಕೊಂಡು ಗಿಡಕ್ಕೆ ಕೊಡುವುದಿಲ್ಲ.

ಇಷ್ಟು ಹೇಳಿದ ಮೇಲೆ ಶಿರಸಿಯಲ್ಲೇ ಓದಿಸಿ ಎನ್ನುತ್ತೇನೆ ಎಂದು ನಿರೀಕ್ಷಿಸಿರಬಹುದು. ಅಲ್ಲಿ 1985ರಿಂದ ಅರಣ್ಯ ಕಾಲೇಜಿದೆ. ಬೆಟ್ಟದ ಸೊಪ್ಪು ತೋಟದ ಬುಡದಲ್ಲಿ ಮಣ್ಣಾಗುವುದನ್ನು ದಿನವೂ ನೋಡಬಹುದು. ಕಾಡಿನ ಮಣ್ಣಿನಲ್ಲಿ ಒಲವಿರುವವರಿಗೆ ಅದು ಒಳ್ಳೆಯ ದಾರಿ. ಆದರೆ ಕರಾವಳಿಯ ಮಗುವಿಗೆ ನನ್ನ ಸಲಹೆ ಬೇರೆ: ಘಟ್ಟ ಹತ್ತಿ ನಿಮ್ಮದಲ್ಲದ ಮಣ್ಣಿಗೆ ಹೋಗಿ. ನಾನು ಧಾರವಾಡಕ್ಕೆ ಹೋದಾಗ ಎರೆಭೂಮಿಯ, ಅಂದರೆ ಕಪ್ಪು ಮಣ್ಣಿನ, ಗುಂಡಿಗೆ ಮೊದಲ ಬಾರಿ ಇಳಿದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆ ಬಂದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಹೀಗೆ ಉಬ್ಬಿ ಕುಗ್ಗುವಾಗ ಹೆಂಟೆಗೆ ಹೆಂಟೆ ತಿಕ್ಕಿ, ಗೋಡೆಯಲ್ಲಿ ಎಣ್ಣೆ ಸವರಿದಂತೆ ಹೊಳೆಯುವ ಮೈ ಕಾಣುತ್ತದೆ. ಕೆಂಪು ಮಣ್ಣಿನಲ್ಲಿ ಹುಟ್ಟಿದ ನಾನು ಅದನ್ನು ಸವರುತ್ತಾ ನಿಂತುಬಿಟ್ಟೆ. ಊರಿಗೆ ಬಂದು ನಮ್ಮ ತೆಂಗಿನ ತೋಟದಲ್ಲಿ ಗುದ್ದಲಿ ಹಾಕಿದಾಗಲೇ ನಮ್ಮ ಮಣ್ಣು ನನಗೆ ಮೊದಲ ಸಲ ಕಂಡದ್ದು. ಅಲ್ಲಿಯವರೆಗೆ ಅದು ಕಾಲಿಗೆ ಮೆತ್ತುವ ಕೆಸರಾಗಿತ್ತು.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಗೋಕರ್ಣದ ಕಡೆಯವರು ಬಸ್ಸಿಗೆ ಹೊರಡಬೇಕಂತೆ. ಬರೆದು ತಂದದ್ದರಲ್ಲಿ ಅರ್ಧವೂ ಆಗಿಲ್ಲ, ಬೇಗ ಹೇಳುತ್ತೇನೆ.

ಜೀವಶಾಸ್ತ್ರವನ್ನು ಕಡೆಗಣಿಸಬೇಡಿ, ರಸಾಯನಶಾಸ್ತ್ರವನ್ನು ಬಾಯಿಪಾಠ ಮಾಡಬೇಡಿ. ಸಿಇಟಿಗೆ ಅರ್ಜಿ ಹಾಕುವಾಗ ಕೃಷಿಕರ ಮಕ್ಕಳಿಗೆ ಇರುವ ಕೋಟಾ ಮರೆಯಬೇಡಿ. ಅದಕ್ಕೆ ಬೀಜ, ಸಲಕರಣೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಗದ್ದೆಗೆ ಇಳಿಯದ ಮಕ್ಕಳನ್ನು ಈ ಡಿಸೆಂಬರ್‌ನಲ್ಲೇ ಇಳಿಸಿ. ಖಾಸಗಿ ಕಾಲೇಜಾದರೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮಾನ್ಯತೆ ಈಗ ಚಾಲ್ತಿಯಲ್ಲಿದೆಯೇ ಎಂದು ಕಾಗದ ಕೇಳಿ ನೋಡಿ. ಬಾಯಿಮಾತು ನಂಬಬೇಡಿ, ಎಂ.ಎಸ್ಸಿ.ಗೆ ಹೋಗುವಾಗ ತೊಡಕಾಗುತ್ತದೆ. ಮಣ್ಣಿನ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ, ಕಾಲೇಜಿಗೆ ಸ್ವಂತ ಜಮೀನು ಇದೆಯೇ, ಪ್ರಯೋಗಾಲಯಕ್ಕೆ ರೈತರು ಮಣ್ಣು ತರುತ್ತಾರೆಯೇ? ಕೊನೆಯ ವರ್ಷ ಹಳ್ಳಿಯಲ್ಲಿದ್ದು ಮಾಡುವ ಗ್ರಾಮೀಣ ಕಾರ್ಯಾನುಭವವನ್ನು ನಿಜವಾಗಿ ಹಳ್ಳಿಯಲ್ಲೇ ಮಾಡಿಸುತ್ತಾರೆಯೇ? ಮತ್ತೆ ಗುಂಡಿ. ಗುಂಡಿಯ ಪ್ರಶ್ನೆ ಬಿಡಬೇಡಿ.

ಕೆಲಸ ಸಿಗುತ್ತದೆಯೇ ಎಂದು ಹಿಂದಿನ ಸಾಲಿನವರು ಕೇಳುತ್ತಿದ್ದಾರೆ. 2015ರಿಂದ ದೇಶದಲ್ಲಿ ಮಣ್ಣು ಆರೋಗ್ಯ ಚೀಟಿ ಯೋಜನೆ ಇದೆ. ಒಂದೊಂದು ಚೀಟಿಯಲ್ಲಿ ಹನ್ನೆರಡು ಗುಣಗಳ ಅಂಕಿ. ಅವನ್ನು ಓದಿ ರೈತನಿಗೆ ಬಿಡಿಸಿ ಹೇಳುವವರು ಬೇಕು. 2024ರ ಜುಲೈ 16ರಂದು ಪಕ್ಕದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನಾವು ಯಾರೂ ಮರೆತಿಲ್ಲ. ಕಡಿದ ಗುಡ್ಡದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಮಣ್ಣು ಯಾವಾಗ ಸಡಿಲವಾಗುತ್ತದೆ ಎಂದು ನೋಡಿ ಹೇಳಬಲ್ಲವರು ಈ ಜಿಲ್ಲೆಯವರೇ ಆಗಿರಲಿ ಎಂಬುದು ನನ್ನ ಆಸೆ. ಆ ವಿಷಯಕ್ಕೆ ಇನ್ನೊಂದು ದಿನ ಬೇಕು.

ಬಾಗಿಲ ಬಳಿಯ ಮೇಜಿನ ಮೇಲೆ ನಾಲ್ಕು ಬೋಗುಣಿಗಳಲ್ಲಿ ಮಣ್ಣು ಇಟ್ಟಿದ್ದೇನೆ: ಗಜನಿಯದು, ಶಿರಸಿಯ ತೋಟದ್ದು, ನಮ್ಮ ಗುಡ್ಡದ್ದು, ಧಾರವಾಡದ ಎರೆಯದು. ಹೆಸರು ಬರೆದಿಲ್ಲ. ಪಕ್ಕದಲ್ಲಿ ತಂಬಿಗೆಯಲ್ಲಿ ನೀರಿದೆ. ಒಂದು ಚಿಟಿಕೆ ಒದ್ದೆ ಮಾಡಿ ಬೆರಳ ನಡುವೆ ಉಜ್ಜಿ, ದಾರದಂತೆ ಹೊಸೆದು ನೋಡಿ, ಯಾವುದು ಎಲ್ಲಿಯದು ಎಂದು ಹೇಳಿ. ಬಸ್ಸಿಗೆ ಇನ್ನೂ ಹತ್ತು ನಿಮಿಷವಿದೆ. ತಂಗೀ, ನೀನು ಮೊದಲು ಬಾ.