ಹದಿಮೂರರ ಮಗ್ಗಿ ಹೇಳುತ್ತಾ ಇಪ್ಪತ್ತೊಂದು ಕಿಲೋಮೀಟರ್

ಎಲ್ಲರಿಗೂ ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳು. ನಲವತ್ತಾರನೇ ವಯಸ್ಸಿನಲ್ಲಿ, ಜೂನ್ ತಿಂಗಳಲ್ಲಿ ಶಾಲೆ ಶುರುವಾದ ವಾರವೇ ಓಡಲು ಶುರುಮಾಡಿದೆ. ಡಿಸೆಂಬರಿನಲ್ಲಿ ನಮ್ಮ ಮೈಸೂರಿನಲ್ಲೇ ಮೊದಲ ಹಾಫ್ ಮ್ಯಾರಥಾನ್ ಮುಗಿಸಿದೆ. ಆ ಆರು ತಿಂಗಳಲ್ಲಿ ಏನು ಮಾಡಿದೆ, ಏನು ಮಾಡಬಾರದಿತ್ತು ಎಂದು ಹೇಳಲು ವಾಚನಾಲಯದವರು ಕರೆದಿದ್ದಾರೆ. ಇಲ್ಲಿರುವವರಲ್ಲಿ ಹನ್ನೊಂದು ಜನ ಈ ವರ್ಷ ಓಡಬೇಕೆಂದು ಹೆಸರು ಬರೆಸಿದ್ದೀರಂತೆ. ನನ್ನ ಮಾತು ಮುಖ್ಯವಾಗಿ ನಿಮಗೆ.

ಮೊದಲ ದಿನ ನಾನು ಓಡಿದ್ದು ಮೂರು ಲೈಟುಕಂಬದಷ್ಟು ದೂರ. ನಮ್ಮ ಬೀದಿಯ ಕೊನೆಯ ಮನೆಯಿಂದ ಹಾಲಿನ ಬೂತಿನವರೆಗೆ. ಅಷ್ಟಕ್ಕೇ ಎದೆ ನಗಾರಿಯಾಯಿತು, ಬಾಯಿ ಒಣಗಿತು, ಪಕ್ಕೆ ಹಿಡಿದುಕೊಂಡು ನಿಂತೆ. ನನ್ನ ಮೈಗೆ ಇದು ಒಗ್ಗದು ಎಂದುಕೊಂಡೆ. ಮೈಯದೇನೂ ತಪ್ಪಿರಲಿಲ್ಲ ಎನ್ನುವುದು ತಿಳಿಯಲು ಎರಡು ವಾರ ಬೇಕಾಯಿತು. ನಾನು ಓಡಿದ ವೇಗ ತಪ್ಪಾಗಿತ್ತು.

ನಮ್ಮ ಮಾತಿನಲ್ಲಿ ಓಟಕ್ಕೆ ಇರುವ ನುಡಿಗಟ್ಟುಗಳನ್ನೇ ನೋಡಿ. ಎದ್ದೆನೋ ಬಿದ್ದೆನೋ ಎಂದು ಓಡಿದ. ಕಾಲಿಗೆ ಬುದ್ಧಿ ಹೇಳಿದ. ಓಟ ಕಿತ್ತ. ಹೆಣ್ಣುಮಗಳ ವಿಷಯದಲ್ಲಿ 'ಓಡಿಹೋದಳು' ಅಂದರೆ ಅದರ ಅರ್ಥವೇ ಬೇರೆ. ಎಲ್ಲದರಲ್ಲೂ ಹಿಂದೆ ಒಂದು ಹೆದರಿಕೆ ಇದೆ, ಇಲ್ಲವೇ ತಪ್ಪಿಹೋಗುತ್ತಿರುವ ಬಸ್ಸು ಇದೆ. ಆರಾಮಾಗಿ, ಮಾತಾಡಿಕೊಂಡು ಓಡುವುದಕ್ಕೆ ನಮ್ಮಲ್ಲಿ ಒಂದು ಪದವೂ ಬಳಕೆಗೆ ಬಂದಿಲ್ಲ. ಶಾಲೆಯಲ್ಲಿ ನಾವು ಓಡಿದ್ದೂ ನೂರು ಮೀಟರ್, ವಿಜಿಲ್ ಊದಿದ ಕೂಡಲೇ ಪ್ರಾಣ ಬಿಟ್ಟು. ಹಾಗಾಗಿ ನಡುವಯಸ್ಸಿನಲ್ಲಿ ಷೂ ಕಟ್ಟಿದವರೂ ಮೊದಲ ದಿನ ಹಾಗೇ ಓಡುತ್ತಾರೆ. ಮೂರನೇ ಕಂಬಕ್ಕೆ ಬಿಟ್ಟುಬಿಡುತ್ತಾರೆ.

ಸರಿಯಾದ ವೇಗ ಯಾವುದು? ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಅನುಭವಿ ಓಟಗಾರರು ಎಲ್ಲ ಕಡೆಯೂ ಹೇಳುವ ಅಳತೆ ಇದು. ಬೆಳಿಗ್ಗೆ ಐದೂವರೆಗೆ ನನ್ನ ಜೊತೆ ಮಾತಾಡಲು ಯಾರೂ ಇರಲಿಲ್ಲ. ಅದಕ್ಕೆ ನಾನು ಮಗ್ಗಿ ಹೇಳತೊಡಗಿದೆ. ಎರಡರ ಮಗ್ಗಿ ಬೇಡ, ಅದು ನಿದ್ದೆಯಲ್ಲೂ ಬರುತ್ತದೆ. ಹದಿಮೂರರ ಮಗ್ಗಿ. "ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು..." ಒಂದು ಸಾಲು ಒಂದೇ ಉಸಿರಿಗೆ ಬರಬೇಕು. ಸಾಲಿನ ಮಧ್ಯೆ ಉಸಿರೆಳೆದುಕೊಳ್ಳಬೇಕಾಗಿ ಬಂದರೆ ಜೋರಾಯಿತು ಎಂದರ್ಥ, ನಿಧಾನ ಮಾಡುತ್ತಿದ್ದೆ. ಅದಕ್ಕೂ ಸುಧಾರಿಸದಿದ್ದರೆ ನಡೆಯುತ್ತಿದ್ದೆ. ಸಾವಿರಗಟ್ಟಲೆ ರೂಪಾಯಿಯ ಕೈಗಡಿಯಾರ ಹೇಳುವುದನ್ನು ಹದಿಮೂರರ ಮಗ್ಗಿ ಹೇಳಿತು. ಈ ಕೋಣೆಯಿಂದ ಒಂದೇ ವಿಷಯ ಮನೆಗೆ ಒಯ್ಯುವುದಾದರೆ ಇದನ್ನು ಒಯ್ಯಿರಿ.

ಓಟದ ನಡುವೆ ನಡೆಯುವುದು ಸೋಲು ಎಂದು ಬಹಳ ಜನ ತಿಳಿದಿದ್ದಾರೆ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಹತ್ತು ಸಾವಿರ ಮೀಟರ್ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ ಹೊಸಬರಿಗೆ ಕಲಿಸಿದ್ದೇ ಓಡು-ನಡೆ ಪದ್ಧತಿ. ದಣಿದ ಮೇಲೆ ನಡೆಯುವುದಲ್ಲ, ದಣಿಯುವ ಮುಂಚೆಯೇ, ಮೊದಲ ನಿಮಿಷಗಳಿಂದಲೇ ಲೆಕ್ಕ ಹಾಕಿ ನಡೆಯುವುದು. ನಾನು ಎರಡು ಕಂಬ ಓಟ, ಒಂದು ಕಂಬ ನಡಿಗೆಯಿಂದ ಶುರುಮಾಡಿದೆ. ಎರಡನೇ ತಿಂಗಳಿಗೆ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಡಿಸೆಂಬರಿನ ಓಟವನ್ನೂ ಹಾಗೆಯೇ ಮುಗಿಸಿದ್ದು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಹೆಚ್ಚು ಹೊತ್ತು ಇದರ ಬಗ್ಗೆಯೇ ಮಾತಾಡಬೇಕು.

ಆಗಸ್ಟ್ ಹೊತ್ತಿಗೆ ನನಗೆ ರೆಕ್ಕೆ ಬಂದಂತಾಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಮಣಿಕಟ್ಟು ಹಿಡಿದು ನಾಡಿ ಎಣಿಸಿದರೆ 82 ಇದ್ದದ್ದು 72ಕ್ಕೆ ಇಳಿದಿತ್ತು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ಸಲೀಸಾಗಿ ಬರುತ್ತಿದ್ದೆ. ಒಂದು ಭಾನುವಾರ ಮಳೆ ಹೊಯ್ದು ನಿಂತಿತ್ತು, ನೀರಿನ ಮೇಲೆ ಮಂಜು, ಹೆಜ್ಜಾರ್ಲೆಗಳು ಸಾಲಾಗಿ ತೇಲುತ್ತಿದ್ದವು. ಉಸಿರು ಒಂದಿಷ್ಟೂ ಕಟ್ಟಲಿಲ್ಲ. ಹಿಂದಿನ ವಾರ ಆರು ಕಿಲೋಮೀಟರ್ ಓಡಿದ್ದವಳು ಆ ದಿನ ಹನ್ನೊಂದು ಓಡಿಬಿಟ್ಟೆ.

ಮಂಗಳವಾರ ಸ್ಟಾಫ್ ರೂಮಿನ ಮೆಟ್ಟಿಲಿಳಿಯುವಾಗ ಎಡಗಾಲಿನ ಕಣಕಾಲಿನ ಒಳಬದಿ, ಮೂಳೆಯ ಅಂಚಿನಲ್ಲಿ ಚಳುಕು. ಹೆಬ್ಬೆರಳಲ್ಲಿ ಒತ್ತಿದರೆ ಗೇಣುದ್ದ ನೋವು. ಯಾರಿಗೂ ಹೇಳದೆ ಇನ್ನೂ ಎರಡು ಸಲ ಓಡಿದೆ. ಆಮೇಲೆ ಕುಂಟುವ ಸ್ಥಿತಿ. ಫಿಜಿಯೋಥೆರಪಿಸ್ಟ್ ನೋಡಿ ಮೂರು ವಾರ ಓಡಬೇಡಿ ಅಂದರು. ಹೀಗೆ ಮೂಳೆಯ ಉದ್ದಕ್ಕೂ ಹರಡಿದ ನೋವಾದರೆ ವಿಶ್ರಾಂತಿಯಲ್ಲಿ ಹೋಗುತ್ತದೆ, ಒಂದೇ ಬೆರಳಿಗೆ ಸಿಗುವ ಚುಕ್ಕೆಯಂಥ ನೋವಾದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕಿರಬಹುದು, ಅಂಥದ್ದನ್ನು ಡಾಕ್ಟರಿಗೆ ತೋರಿಸದೆ ಬಿಡಬಾರದು ಎಂದೂ ತಿಳಿಸಿದರು.

ಹೀಗೇಕಾಯಿತು ಎಂದು ಓದಿ ತಿಳಿದುಕೊಂಡೆ. ನಮ್ಮ ಮೈಯೊಳಗೆ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ತಯಾರಾಗುವುದಿಲ್ಲ. ಓಡಲು ಶುರುಮಾಡಿದ ಕೆಲವೇ ವಾರಗಳಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಅದಕ್ಕೇ ಉಸಿರು ಹಗುರಾಗುವುದು. ಸ್ನಾಯುಗಳು ಅದರ ಹಿಂದೆ ಬರುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು ಮತ್ತು ಮೂಳೆ ಮಾತ್ರ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತವೆ. ಮೂಳೆಯದಂತೂ ಮನೆ ರಿಪೇರಿಯ ಹಾಗೆ. ಗೋಡೆಯ ಹಳೇ ಗಾರೆ ಕೆತ್ತಿ ತೆಗೆದ ಮೇಲೆಯೇ ಹೊಸ ಗಾರೆ ಮೆತ್ತುವುದು. ಹೊಸ ಭಾರ ಬಿದ್ದಾಗ ಮೂಳೆಯೂ ಮೊದಲು ಹಳೆಯದನ್ನು ಕರಗಿಸಿ ತೆಗೆಯುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಆ ನಡುವಿನ ವಾರಗಳಲ್ಲಿ ಗೋಡೆ ಬರಿದಾಗಿರುತ್ತದೆ. ಉಸಿರು "ಹೋಗು, ಹೋಗು" ಅನ್ನುವುದೂ ಸರಿಯಾಗಿ ಆಗಲೇ. ನಾನು ಉಸಿರಿನ ಮಾತು ಕೇಳಿದೆ. ಮೂಳೆಗೆ ಬಾಯಿಲ್ಲ, ನೋವಾದ ಮೇಲೆಯೇ ಅದು ಹೇಳಿದ್ದು.

ಆ ಮೂರು ವಾರ ಚುರುಕಾಗಿ ನಡೆದೆ, ಮಗಳ ಸೈಕಲ್ ತುಳಿದೆ. ಇನ್ನೊಂದು ಅಭ್ಯಾಸ ಆಗ ಹಿಡಿದದ್ದು ಇಂದಿಗೂ ಬಿಟ್ಟಿಲ್ಲ. ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು, ಅದು ಉಕ್ಕುವವರೆಗೆ ಕಟ್ಟೆ ಹಿಡಿದುಕೊಂಡು ಹಿಮ್ಮಡಿ ಎತ್ತಿ ಇಳಿಸುವುದು. ಮೊದಲು ಎರಡೂ ಕಾಲಲ್ಲಿ, ತಿಂಗಳಾದ ಮೇಲೆ ಒಂದೊಂದೇ ಕಾಲಲ್ಲಿ. ಮೀನಖಂಡ ಗಟ್ಟಿಯಾದಷ್ಟೂ ಕಣಕಾಲಿನ ಮೂಳೆಗೆ ಬೀಳುವ ಪೆಟ್ಟು ಕಡಿಮೆ.

ವಾಪಸು ಬಂದ ಮೇಲೆ ವಾರಕ್ಕೆ ಮೂರೇ ದಿನ ಓಡಿದೆ. ಮಂಗಳವಾರ, ಗುರುವಾರ ಮುಕ್ಕಾಲು ಗಂಟೆಯೊಳಗೆ ಮುಗಿಸುವ ಓಟ, ಭಾನುವಾರ ಉದ್ದ ಓಟ. ಭಾನುವಾರದ್ದನ್ನು ವಾರಕ್ಕೆ ಒಂದೊಂದೇ ಕಿಲೋಮೀಟರ್ ಏರಿಸಿ, ನಾಲ್ಕನೇ ವಾರ ಬೇಕೆಂದೇ ಇಳಿಸುತ್ತಿದ್ದೆ. ಗಾರೆ ಒಣಗಲು ಬಿಟ್ಟ ವಾರ ಅದು. ನವೆಂಬರ್ ಕೊನೆಗೆ ಹದಿನಾರು ಕಿಲೋಮೀಟರ್ ಆಗಿತ್ತು. ಮೊದಲ ಹಾಫ್ ಮ್ಯಾರಥಾನಿಗೆ ಅಷ್ಟು ಸಾಕು, ತಯಾರಿಯಲ್ಲೇ ಪೂರ್ತಿ 21 ಓಡಿ ನೋಡಬೇಕಿಲ್ಲ. ಕೊನೆಯ ಎರಡು ವಾರ ಓಟ ಅರ್ಧಕ್ಕಿಳಿಸಿದೆ. ಆ ವಾರಗಳಲ್ಲಿ ಕೈ ಕಟ್ಟಿ ಕೂತಂತಾಗಿ ಬಹಳ ಕಷ್ಟವಾಗುತ್ತದೆ. ಆದರೂ ಇಳಿಸಿ.

ದೂರದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಮಕ್ಕಳು ಕೇಳುತ್ತಿರುತ್ತಾರೆ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರ ಆಸನದ ಮುಂದೆ ಮುಗಿಯಿತು. ಆ ದೂರ 42.195 ಕಿಲೋಮೀಟರ್. 1921ರಲ್ಲಿ ಅದೇ ಅಧಿಕೃತ ಅಳತೆಯಾಯಿತು. ಅದರ ಅರ್ಧ 21.0975. ಆ ಕೊನೆಯ ತೊಂಬತ್ತೇಳೂವರೆ ಮೀಟರನ್ನು ಯಾರೂ ಲೆಕ್ಕಕ್ಕಿಟ್ಟಿರುವುದಿಲ್ಲ, ಕಾಲಿಗೆ ಮಾತ್ರ ಅದು ಚೆನ್ನಾಗಿ ಗೊತ್ತಾಗುತ್ತದೆ.

ಊಟದ ವಿಷಯ. ಅರವತ್ತು ಕಿಲೋ ತೂಕದವರಿಗೆ ಒಂದು ಕಿಲೋಮೀಟರ್ ಓಡಲು ಹೆಚ್ಚುಕಡಿಮೆ ಅರವತ್ತು ಕ್ಯಾಲರಿ ಬೇಕು. 21 ಕಿಲೋಮೀಟರಿಗೆ ಸಾವಿರದ ಇನ್ನೂರ ಅರವತ್ತು ಆಯಿತು. ಸ್ನಾಯುಗಳಲ್ಲಿ, ಪಿತ್ತಜನಕಾಂಗದಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಇರುತ್ತದೆ, ಆದರೆ ನಾವು ಎರಡೂವರೆ ಮೂರು ಗಂಟೆ ರಸ್ತೆಯ ಮೇಲಿರುವವರು. ಕೂಡಿಟ್ಟದ್ದನ್ನೇ ನಂಬಿದರೆ ಕೊನೆಯ ಐದು ಕಿಲೋಮೀಟರ್ ಬೆಟ್ಟವಾಗುತ್ತದೆ. ಹಿಂದಿನ ರಾತ್ರಿ ನಾನು ಅನ್ನ, ತಿಳಿಸಾರು ಉಂಡೆ. ಬೆಳಿಗ್ಗೆ ನಾಲ್ಕಕ್ಕೆ ಎರಡು ಏಲಕ್ಕಿ ಬಾಳೆಹಣ್ಣು. ದಾರಿಯಲ್ಲಿ ಅರ್ಧ ಗಂಟೆಗೊಮ್ಮೆ ಒಂದೊಂದು ಖರ್ಜೂರ. ನಿಮಗೆ ಬೆಲ್ಲದ ಚೂರು ಒಗ್ಗಿದರೆ ಅದೇ ಆಗಲಿ. ಆದರೆ ಭಾನುವಾರದ ಉದ್ದ ಓಟಗಳಲ್ಲಿ ತಿಂದು ಪರೀಕ್ಷಿಸಿದ್ದನ್ನು ಮಾತ್ರ ಆ ದಿನ ತಿನ್ನಿ. ನೀರನ್ನೂ ಬಾಯಾರಿಕೆ ನೋಡಿ ಕುಡಿಯಿರಿ. ಹೆದರಿಕೆಯಿಂದ ಲೀಟರುಗಟ್ಟಲೆ ನೀರು ಕುಡಿದರೆ ರಕ್ತದ ಉಪ್ಪಿನಂಶ ತೆಳುವಾಗಿ ಪ್ರಾಣಾಪಾಯವೂ ಆಗಬಹುದು.

ಷೂ ಬಗ್ಗೆ ಎರಡೇ ಮಾತು. ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಇರಲಿ.

ಇಲ್ಲಿರುವ ಅಕ್ಕತಂಗಿಯರಿಗೆ ಕೆಲವು ಮಾತು ಹೇಳಬೇಕು. ನಾನು ಶುರುಮಾಡಿದ ಮೊದಲ ತಿಂಗಳು ಮೈಯಲ್ಲಿ ಸೀಸ ತುಂಬಿದ ಹಾಗಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.8. ನಮ್ಮ ದೇಶದ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಈ ಸುಸ್ತನ್ನೇ ನಾವು ಸ್ವಭಾವ ಎಂದುಕೊಂಡು ಬದುಕುತ್ತಿದ್ದೇವಲ್ಲ, ಅದು ನನಗೆ ಬಹಳ ಸಂಕಟದ ಸಂಗತಿ. ಷೂ ಕೊಳ್ಳುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರೆ ಅದರ ಹಿಂದೆಯೇ ಕಾಫಿ-ಟೀ ಕುಡಿಯಬೇಡಿ, ಮೈಗೆ ಹತ್ತುವುದಿಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ. ಗಂಡಸರೂ ಅಷ್ಟೆ, ನಲವತ್ತು ದಾಟಿದ್ದರೆ, ಬಿಪಿ, ಸಕ್ಕರೆ ಇದ್ದರೆ ಡಾಕ್ಟರಿಗೆ ತೋರಿಸಿಯೇ ಹೊರಡಿ. ಓಡುವಾಗ ಎದೆ ಹಿಡಿದಂತಾದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಿ.

ನಮ್ಮತ್ತೆ ಮೊದಮೊದಲು ಬೇಸರಪಟ್ಟುಕೊಂಡರು. "ಈ ವಯಸ್ಸಲ್ಲಿ ಬೀದೀಲಿ ಓಡೋದಾ ತಾಯಿ, ನೋಡ್ದೋರು ಏನಂದಾರು" ಅಂದರು. ಅವರನ್ನು ನಾನು ದೂರುವುದಿಲ್ಲ. ಇಡೀ ಜಗತ್ತೇ ಇತ್ತೀಚಿನವರೆಗೂ ಅದನ್ನೇ ಹೇಳುತ್ತಿತ್ತು. 1967ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರೀನ್ ಸ್ವಿಟ್ಜರ್ 261 ಎಂಬ ಸಂಖ್ಯೆ ಹಚ್ಚಿಕೊಂಡು ಓಡುತ್ತಿದ್ದಾಗ, ಓಟದ ಅಧಿಕಾರಿಯೇ ನುಗ್ಗಿ ಆ ಸಂಖ್ಯೆಯನ್ನು ಕಿತ್ತುಕೊಳ್ಳಲು ನೋಡಿದ. ಆಕೆ ನಿಲ್ಲದೆ ಓಡಿ ಮುಗಿಸಿದರು. ಅಲ್ಲಿ ಹೆಂಗಸರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1972ರಲ್ಲಿ. ಒಲಿಂಪಿಕ್ಸಿನಲ್ಲಿ ಮಹಿಳೆಯರ ಮ್ಯಾರಥಾನ್ ಶುರುವಾಗಿದ್ದು 1984ರಲ್ಲಿ, ನಮ್ಮ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡರಲ್ಲ, ಅದೇ ಲಾಸ್ ಏಂಜಲಿಸ್ ಕೂಟದಲ್ಲಿ. ಈ ಕಥೆಯನ್ನು ಒಂದು ಸಂಜೆ ಅತ್ತೆಗೆ ಹೇಳಿದೆ. ಏನೂ ಮಾತಾಡಲಿಲ್ಲ. ಮಾರನೇ ಭಾನುವಾರ ಓಡಿ ಬಂದಾಗ ಉಪ್ಪು, ಇಂಗು ಹಾಕಿದ ನೀರುಮಜ್ಜಿಗೆ ಚೊಂಬಿನಲ್ಲಿ ಮುಚ್ಚಿಟ್ಟಿದ್ದರು.

ಡಿಸೆಂಬರಿನ ಆ ದಿನದ ಬಗ್ಗೆ ಹೇಳಿ ಮುಗಿಸುತ್ತೇನೆ. ಚಾಮುಂಡಿ ಬೆಟ್ಟದ ದೀಪಗಳು ಇನ್ನೂ ಉರಿಯುತ್ತಿದ್ದವು. ಹೊರಟ ಕೂಡಲೇ ಎಲ್ಲರೂ ನನ್ನನ್ನು ದಾಟಿ ಹೋದರು. ಮೊದಲ ಐದು ಕಿಲೋಮೀಟರ್ ಹಾಗೇ ಇರಬೇಕು, ಬಿಟ್ಟುಕೊಡಿ. ಹನ್ನೆರಡರವರೆಗೆ ಸಂತೋಷವಾಗಿಯೇ ಹೋದೆ. ಹದಿನೆಂಟನೇ ಕಿಲೋಮೀಟರಿನಲ್ಲಿ, ಒಂದು ಏರಿನ ನಡುವೆ, ಹದಿಮೂರೇಳ್ಲ ಎಷ್ಟು ಎಂದು ನೆನಪಾಗಲಿಲ್ಲ. ಇಪ್ಪತ್ತೆರಡು ವರ್ಷ ಗಣಿತ ಹೇಳಿಕೊಟ್ಟವಳು ನಾನು. ಓಟ ನಿಲ್ಲಿಸಿ ನಡೆದೆ, ಒಂದು ಖರ್ಜೂರ ಬಾಯಿಗೆ ಹಾಕಿಕೊಂಡೆ. ಒಂದು ಕಂಬ ದಾಟಿತು, ಎರಡು ದಾಟಿತು. ತೊಂಬತ್ತೊಂದು. ಮತ್ತೆ ಓಡಿದೆ. ಎರಡು ಗಂಟೆ ಐವತ್ತೊಂದು ನಿಮಿಷಕ್ಕೆ ಗೆರೆ ದಾಟಿದಾಗ ಮಗಳು ಅದೇ ಚೊಂಬು ಹಿಡಿದು ನಿಂತಿದ್ದಳು.

ಬರುವ ಭಾನುವಾರ ಬೆಳಿಗ್ಗೆ ಐದೂ ಮುಕ್ಕಾಲಿಗೆ ಕುಕ್ಕರಹಳ್ಳಿ ಕೆರೆಯ ಗೇಟಿನ ಹತ್ತಿರ ನಾನಿರುತ್ತೇನೆ. ಎರಡು ನಿಮಿಷ ಓಡೋಣ, ಒಂದು ನಿಮಿಷ ನಡೆಯೋಣ, ಇಪ್ಪತ್ತು ನಿಮಿಷಕ್ಕೆ ಮುಗಿಸೋಣ. ಹೊಸ ಷೂ ಬೇಕಿಲ್ಲ, ಮನೆಯಲ್ಲಿರುವುದನ್ನೇ ಹಾಕಿಕೊಂಡು ಬನ್ನಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.